ಪಂಕ್ತಿ ಏಳುವ ಮುನ್ನ

ಅಂದು ಮುಂಜಾನೆ ಸಿಂದಗಿಯ ನಮ್ಮ ಮನೆಯಲ್ಲಿ ನಾಲ್ಕು ಜನ ಇದ್ದೆವು. ಒಳಕೋಣೆಯಲ್ಲಿ ಕಂಪ್ಯೂಟರಿನ ಎದುರು ಕುರ್ಚಿಯ ಮೇಲೆ ನಮ್ಮ ಸರ್. ಅವರ ಹಿಂದೆ ಗೋಡೆಗೆ ಆತು ನಿಂತ ನಾನು. ಹೊಸ್ತಿಲ ಮೇಲೆ, ನನ್ನ ಕಡೆ ನೋಡದೆ, ನನ್ನ ಹೆಂಡತಿ ಮಹಾದೇವಿ. ಪಡಸಾಲೆಯ ಹೊರಸಿನ ಮೇಲೆ ನಮ್ಮ ಕಾಕಾ. ಆಯುಷ್ಯವೆಲ್ಲ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದ ಅವನು ಕೂತಲ್ಲಿಂದಲೇ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದ. ಐದನೆಯದಾಗಿ ಆ ಕಂಪ್ಯೂಟರನ್ನೂ ಹಿಡಿಯಬೇಕು. ಮೂರು ದಿನದಿಂದ ಅದು ಬಂದ್ ಆಗು ಎಂದರೆ ಬಂದ್ ಆಗದೆ, ಗುಂಯ್ ಎನ್ನುತ್ತ ಎಚ್ಚರ ಕೂತಿತ್ತು.

ಗೋಡೆಯ ಗಡಿಯಾರದಲ್ಲಿ ಹನ್ನೊಂದು ದಾಟಿತ್ತು. ಲೈನಿನ ಕೆಲಸವಿದೆ, ಹನ್ನೆರಡರಿಂದ ಸಂಜೆಯ ತನಕ ಕರೆಂಟ್ ಇಲ್ಲ ಎಂದು ಓಣಿಯವರ ಮೊಬೈಲಿಗೆಲ್ಲ ಸುದ್ದಿ ಬಂದಿತ್ತು. ನಮ್ಮ ಯುಪಿಎಸ್ ಬ್ಯಾಟರಿ ಬೇಸಿಗೆಯಲ್ಲೇ ಸತ್ತಿತ್ತು. ಅದರ ಮೇಲೆ ಈಗ ಮಹಾದೇವಿಯ ದಾರದ ಡಬ್ಬಿ ಇಡುತ್ತಿದ್ದೆವು.

"ಸರ್, ಇದು ಬಂದ್ ಆಗವಲ್ದು. ಕರೆಂಟ್ ಹೋಗೂದರೊಳಗ ಸರಳ ಬಂದ್ ಮಾಡಿ ಕೊಡ್ರಿ" ಎಂದೆ ನಾನು.

"ಬಂದಾಗೂದು ಆಮ್ಯಾಲ ಆಗಲಿ" ಎಂದಳು ಮಹಾದೇವಿ. "ನನ್ನ ಅಂಬಾರಿ ಎಲ್ಲಿ ಹೋತು, ಅದನ್ನ ಹುಡುಕಿ ಕೊಡ್ರಿ ಸರ್."

ಅವಳ ದನಿ ಒಡೆದದ್ದು ಕೇಳಿ ಸರ್ ಕುರ್ಚಿಯನ್ನು ಅರ್ಧ ತಿರುಗಿಸಿದರು. "ಯಾವ ಅಂಬಾರಿವಾ ತಂಗಿ? ಮೊದಲಿಂದ ಹೇಳು."

ಮೊದಲಿಂದ ಹೇಳಬೇಕಾದರೆ ಯಂಕಂಚಿಯ ಆಯಿಯಿಂದ ಹೇಳಬೇಕು. ಮಹಾದೇವಿಯ ಅಜ್ಜಿಯ ತಂಗಿ ಆಕೆ. ಆಯಿಯ ಹತ್ತಿರ ಒಂದು ಕರಿ ಚಂದ್ರಕಾಳಿ ಸೀರೆ ಇತ್ತು. ಅದರ ಸೆರಗಿನ ಮೇಲೆ ಆಯಿಯ ತಾಯಿ ಕಸೂತಿಯಲ್ಲಿ ತೆಗೆದ ಅಂಬಾರಿ ಆನೆ. ಅಂಬಾರಿ ಎಲ್ಲರೂ ತೆಗೆಯುತ್ತಾರೆ. ಆದರೆ ಈ ಆನೆಯ ಬೆನ್ನ ತುದಿಯಲ್ಲಿ, ಬಾಲದ ಮೇಲೆ, ಬಂದ ದಾರಿಯನ್ನೇ ನೋಡುತ್ತ ಹಿಂದಕ್ಕೆ ಮುಖ ಮಾಡಿ ಕೂತ ಒಂದು ಗಿಳಿ ಇತ್ತು. ಅಂಥ ಗಿಳಿಯನ್ನು ಮಹಾದೇವಿ ಬೇರೆಲ್ಲೂ ಕಂಡಿರಲಿಲ್ಲ. ಕಸೂತಿಯಲ್ಲೇ ಹದಿನೈದು ವರ್ಷ ಕಣ್ಣು ಸವೆಸಿದವಳು ಅವಳು. ಓಣಿಯ ಹೆಣ್ಣುಮಕ್ಕಳಿಗೆ ಕಲಿಸುವವಳು. ಆ ಸೀರೆಯನ್ನು ಒಮ್ಮೆ ಕೊಡು ಎಂದು ಎರಡು ವರ್ಷ ಕೇಳಿದ್ದಳು. ಕಡೆಗೆ ಆಯಿ ಒಪ್ಪಿದಾಗ ಹೇಳಿದ್ದು ಒಂದೇ ಮಾತು: "ಎರಡ ದಿನಾ ಇಟಗೋ. ಅದು ನನ್ನ ಜೋಡಿ ಬರೂ ಸೀರಿ."

ಕರಿ ಸೀರೆ, ಸವೆದ ನೂಲು. ಮೊಬೈಲಿನಲ್ಲಿ ಫೋಟೋ ತೆಗೆದರೆ ಆನೆ ಕಾಣುತ್ತಿತ್ತು, ಎಳೆ ಎಣಿಸಲು ಬರುತ್ತಿರಲಿಲ್ಲ. ಹಾಗಾಗಿ ಕಂಪ್ಯೂಟರಿನಲ್ಲಿ ಚೌಕುಳಿ ಹಾಳೆ ತೆಗೆದು, ಒಂದು ಹೊಲಿಗೆಗೆ ಒಂದು ಮನೆ ಕರಿ ಮಾಡುತ್ತ ಹೋಗುವುದೆಂದು ಗೊತ್ತಾಯಿತು. ಅವಳು ಪಡಸಾಲೆಯ ಕಿಟಕಿಯ ಬೆಳಕಿಗೆ ಸೀರೆ ಹಿಡಿದು "ನಾಕ ಕರಿ, ಎರಡು ಬಿಡ್ರಿ, ಒಂದು ಕರಿ" ಎನ್ನುವುದು. ನಾನು ಒಳಗೆ ಕೂತು ತುಂಬುವುದು. ಅವಳಿಗೂ ಕಾಣಲೆಂದು ಹಾಳೆಯನ್ನು ಪಡಸಾಲೆಯ ಟೀವಿಗೆ ಕಳಿಸಿದ್ದೆ. ಕಂಪ್ಯೂಟರಿನಿಂದ ಟೀವಿಗೆ ತಂತಿ ಎಳೆದು, ಯಾವ ಕೀಲಿ ಒತ್ತಬೇಕೆಂದು ತೋರಿಸಿ ಹೋದವನು ನನ್ನ ತಂಗಿಯ ಗಂಡ. ಟೀವಿ ಬಂದ್ ಮಾಡಿದರೆ ಎಲ್ಲ ತಾನೇ ಒಳಗಿನ ಕಂಪ್ಯೂಟರಿಗೆ ಬರುತ್ತದೆ ಎಂಬುದು ಮಾತ್ರ ನನ್ನದೇ ತಿಳಿವಳಿಕೆ.

ಮೊದಲ ದಿನ ಅಂಚಿನ ಬಳ್ಳಿ ಮುಗಿಯಿತು. ಮರುದಿನ ಹೊಸ ಹಾಳೆಯಲ್ಲಿ ಆನೆ, ಅಂಬಾರಿ, ಗಿಳಿ. ಗಿಳಿಯ ಕೊಕ್ಕು ಮುಗಿಯುವ ಹೊತ್ತಿಗೆ ಯಂಕಂಚಿಯಿಂದ ಫೋನು: ಆಯಿಗೆ ಭಾಳ ಆಗೇದ, ಸೀರಿ ತಗೊಂಡು ಬರ್ರಿ. ಮಹಾದೇವಿ ಸೀರೆ ಮಡಿಚಿ ಎದೆಗೆ ಹಿಡಿದು ಹೊರಗೆ ನಿಂತಳು. ಊರಿಗೆ ಹೋಗುವಾಗ ಒಂದೊಂದೇ ಪ್ಲಗ್ ಕಿತ್ತು ಹೋಗುವುದು ನಮ್ಮ ಮನೆಯ ರೂಢಿ. ನಾನು ಟೀವಿಯ ಪ್ಲಗ್ ಕಿತ್ತೆ, ಒಳಗೆ ಓಡಿ ಕಂಪ್ಯೂಟರಿಗೆ ಬಂದಾಗೆಂದು ಒತ್ತಿದೆ. ಅದು ಬಂದಾಗಲಿಲ್ಲ. ಏನೋ ಇಂಗ್ಲಿಷಿನಲ್ಲಿ ಕೇಳಿ, ಸ್ವಲ್ಪ ಹೊತ್ತು ಕಾದು, ಮತ್ತೆ ಮೊದಲಿದ್ದಲ್ಲಿಗೇ ಬಂತು. "ನಡೀರಿ!" ಎಂದು ಅವಳು ಹೊರಗಿನಿಂದ ಕೂಗಿದಳು. ಬರೇ ಪರದೆ ಆರಿಸಿ ಬಾಗಿಲು ಹಾಕಿದೆ.

ಆಯಿ ಆ ರಾತ್ರಿಯೇ ತೀರಿಕೊಂಡಳು. ಕರಿ ಸೀರೆ ಉಡಿಸಬಾರದೆಂದು ಹಿರಿಯರು ಗೊಣಗಿದರು. ಆದರೆ ಆಕೆಯ ಮಾತನ್ನು ಮೀರದೆ ಅದನ್ನೇ ಉಡಿಸಿದರು. ಮಣ್ಣು ಮುಗಿಸಿ ನಾವು ತಿರುಗಿ ಬಂದು ನೋಡಿದರೆ ಅಂಚಿನ ಬಳ್ಳಿ ಇದೆ, ಅಂಬಾರಿ ಇಲ್ಲ. ಹಾಳೆ ಉಳಿಸುವ ಕೆಲಸ ನನ್ನದಾಗಿತ್ತು. "ಉಳಿಸೇನಿ" ಎಂದೆ. "ಉಳಿಸಿದ್ರ ಎಲ್ಲೈತಿ?" ಎಂದಳು. ಆಮೇಲೆ ನನ್ನ ಜೊತೆ ಮಾತು ಬಿಟ್ಟಳು.

ಇಷ್ಟನ್ನೂ ಸರ್ ತಲೆ ತಗ್ಗಿಸಿ ಕೇಳಿದರು. ಅವರು ಕೇಳುವ ರೀತಿಯೇ ಹಾಗೆ. ನಡುವೆ ಹೂಂ ಎನ್ನುವವರಲ್ಲ. ಅಂಗಿಯ ಕಿಸೆಯೊಳಗಿನ ಸೀಮೆಸುಣ್ಣದ ತುಂಡನ್ನು ಬೆರಳಲ್ಲಿ ಹೊರಳಿಸುತ್ತ ಕೂರುವರು. ನಿವೃತ್ತರಾಗಿ ಇಷ್ಟು ವರ್ಷವಾದರೂ ಆ ತುಂಡು ಕಿಸೆಯಿಂದ ಇಳಿದಿರಲಿಲ್ಲ. ಅವರ ಎಲ್ಲ ಅಂಗಿಗಳ ಎಡಗಡೆ ಒಂದು ಬಿಳಿ ಕಲೆ.

ಇಂಡಿ, ಮುದ್ದೇಬಿಹಾಳ, ಬಸವನಬಾಗೇವಾಡಿ, ಮೂರೂ ಕಡೆ ಗಣಿತ ಕಲಿಸಿ, ಕಡೆಗೆ ಸಿಂದಗಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಗೆ ಬಂದು ನೆಲೆಸಿದವರು ಅವರು. ಬಾಗೇವಾಡಿಯಲ್ಲಿ ನಾನು ಅವರ ವಿದ್ಯಾರ್ಥಿ. ಬೋರ್ಡು ಅಳಿಸುವ ಮೊದಲು ಡಸ್ಟರ್ ಕೈಯಲ್ಲಿ ಹಿಡಿದು "ಯಾರದರೆ ಉಳದದ ಏನು?" ಎಂದು ಮೂರು ಸಲ ಕೇಳುತ್ತಿದ್ದರು. ಹಿಂದಿನ ಬೆಂಚಿನಿಂದ ಯಾರಾದರೂ "ನಂದು ಉಳದೈತ್ರಿ" ಎಂದರೆ ಡಸ್ಟರ್ ಕೆಳಗಿಟ್ಟು ಕಿಟಕಿಯ ಹೊರಗೆ ನೋಡುತ್ತ ನಿಲ್ಲುವರು. ನಾವು ಕಿಡಿಗೇಡಿಗಳು, ಲೆಕ್ಕ ಮುಂದೆ ಹೋಗಬಾರದೆಂದು ಬೇಕಂತಲೇ "ಉಳದೈತ್ರಿ" ಎನ್ನುತ್ತಿದ್ದೆವು. ಅವರಿಗೆ ಗೊತ್ತಿತ್ತು. ಆದರೂ ನಿಲ್ಲುತ್ತಿದ್ದರು.

ಒಮ್ಮೆ ಪರೀಕ್ಷೆ ಮುಗಿದ ಮೇಲೆ ನಮ್ಮನ್ನು ನಾಲ್ಕು ಜನರನ್ನು ಮನೆಗೆ ಊಟಕ್ಕೆ ಕರೆದಿದ್ದರು. ವೈಷ್ಣವರ ಮನೆ, ಒಳಗೆಲ್ಲ ಮರಾಠಿ ಮಾತು, ನೆಲದ ಮೇಲೆ ಸಾಲಾಗಿ ಎಲೆ. ನಾನು ಉಣ್ಣುವುದು ನಿಧಾನ. ತಲೆ ಎತ್ತಿ ನೋಡಿದರೆ ಎಲ್ಲರದೂ ಮುಗಿದಿದೆ, ಎಂಜಲ ಕೈ ಒಣಗಿಸಿಕೊಂಡು ಎಲ್ಲರೂ ಕೂತಿದ್ದಾರೆ, ಸರ್ ಅವರ ಮುದಿ ತಂದೆಯೂ. ನಾಚಿ ಅನ್ನ ಬಿಟ್ಟು ಏಳಹೋದೆ. ಸರ್ ಹೇಳಿದರು: "ಕೂಡು. ನಮ್ಮಲ್ಲಿ ಕಡೀಯವರದು ಮುಗಿಯೂತನಕಾ ಪಂಕ್ತಿ ಏಳೂದಿಲ್ಲ."

ಅಂದು ಕಂಪ್ಯೂಟರಿನ ಮುಂದೆ ಅವರು ಮೊದಲು ಮಾಡಿದ್ದೂ ಕೂಡುವುದೇ. ಕೈ ತೊಡೆಯ ಮೇಲಿಟ್ಟು ಪರದೆಯನ್ನೇ ನೋಡುತ್ತ ಕೂತರು. ಹನ್ನೊಂದೂ ಕಾಲಾಯಿತು.

"ಮಾಸ್ತರ್ರ" ಎಂದ ಕಾಕಾ ಹೊರಸಿನಿಂದ, "ನಮ್ಮ ಹಳೇ ಗಾಡೀವು ಎಂಜಿನ್ ಹಿಂಗ ಬಂದಾಗತಿದ್ದಿಲ್ಲ. ಗೇರ್ ಹಾಕಿ ಕ್ಲಚ್ ಬಿಟ್ರ ಒದ್ಯಾಡಿ ಸುಮ್ಮನಾಕ್ಕಿತ್ತು. ಪ್ಲಗ್ ಕಿತ್ತಿ ಒಗೀರಿ ಅತ್ತಾಗ."

"ಕಾಕಾ, ಕ್ಲಚ್ ಬಿಡೂದು ಜನಾ ಇಳದ ಮ್ಯಾಲೋ, ಕೂತಾಗೋ?"

"ಇಳದ ಮ್ಯಾಲರಿ. ಕೂತಾಗ ಬಿಟ್ರ ಬಾಯಿಗೆ ಬಂದಂಗ ಬೈತಾರ."

"ಹಂಗಾದ್ರ ಇದರಾಗ ಯಾರು ಕೂತಾರ ನೋಡೋಣು, ತಡೀರಿ."

ಸರ್ ಬಂದಾಗೆಂದು ಒತ್ತಿದರು. ನೀಲಿ ಪರದೆಯ ಮೇಲೆ ನಾನು ಮೂರು ದಿನದಿಂದ ಕಾಣುತ್ತಿದ್ದ ಅದೇ ಇಂಗ್ಲಿಷು. ನಾನು ಒಮ್ಮೆಯೂ ಕಡೆಯವರೆಗೆ ಓದಿರಲಿಲ್ಲ. ಸರ್ ಪಾಠದ ಹಾಗೆ ಒಂದೊಂದೇ ಶಬ್ದಕ್ಕೆ ಬೆರಳಿಟ್ಟು ಕನ್ನಡ ಮಾಡಿದರು: "ಒಂದು ಪ್ರೋಗ್ರಾಂ ಇನ್ನೂ ತೆರದದ... ಅದರ ಸಲುವಾಗಿ ಬಂದಾಗ್ಲಿಕ್ಕೆ ಆಗವಲ್ದು... ಹಂಗಿದ್ರೂ ಬಂದ್ ಮಾಡಲ್ಯಾ?" ಕೆಳಗೆ 'ಹಂಗಿದ್ರೂ ಬಂದ್ ಮಾಡು' ಎಂಬ ಗುಂಡಿ.

"ಒತ್ತಿ ಬಿಡ್ರಿ ಸರ್" ಎಂದೆ. ಗಡಿಯಾರದ ಮುಳ್ಳು ನನ್ನ ಎದೆಯ ಮೇಲೇ ನಡೆದಂತಾಗಿತ್ತು. ಕರೆಂಟ್ ಹೋದರೆ ಯಂತ್ರವೂ ಕೆಡುತ್ತದೆ, ಇನ್ನೂ ಒಂದು ಮಾತು ಕೇಳಬೇಕಾಗುತ್ತದೆ ಎಂಬ ಅಂಜಿಕೆ.

ಅವರು ಒತ್ತಲಿಲ್ಲ. ಸ್ವಲ್ಪ ಹೊತ್ತಿಗೆ ನೀಲಿ ಹೋಗಿ ಮೊದಲಿನ ಪರದೆ ಬಂತು. ಸರ್ ಸೀಮೆಸುಣ್ಣ ತೆಗೆದು ಆ ಪ್ರೋಗ್ರಾಂ ಹೆಸರನ್ನು ನಮ್ಮ ಕಪಾಟಿನ ಬಾಗಿಲ ಮೇಲೆ ಬರೆದರು. ಮಹಾದೇವಿಯ ಚೌಕುಳಿ ಹಾಳೆ ತೆರೆಯುವ ಪ್ರೋಗ್ರಾಂ ಅದು.

"ತಂಗಿ" ಎಂದರು, "ನಿಂದು ಬ್ಯಾರೆ, ಇವಂದು ಬ್ಯಾರೆ ಅಂತ ಹೇಳಿದ್ರಿ. ಎರಡೂ ಒಂದ ಇರಬಹುದು. ಎಲಿ ಮುಂದ ಯಾರೋ ಕೂತಾರ. ಅಂಬಾರಿನ ಕೂತಿರಬಹುದು."

ಮಹಾದೇವಿ ಹೊಸ್ತಿಲು ದಾಟಿ ಒಳಗೆ ಬಂದಳು. "ಹಂಗಾದ್ರ ಐತೇನ್ರಿ ಸರ್?"

"ಗೊತ್ತಿಲ್ಲ. ಇದ್ರ ಉಳಿಸಲಾರದ ಅದ. ಹನ್ನೆರಡಕ್ಕ ಕರೆಂಟ್ ಹೋತು ಅಂದ್ರ ಅದೂ ಹೋತು."

ಅಲ್ಲಿಯವರೆಗೆ ಹೋದದ್ದಕ್ಕೆ ಅಳುತ್ತಿದ್ದೆವು. ಈಗ ಹೋಗಲಿರುವುದಕ್ಕೆ ಅಂಜಬೇಕಾಯಿತು. ಅದು ಇನ್ನೂ ಕಷ್ಟ.

ಸರ್ ತೆರೆದಿದ್ದ ಒಂದೊಂದನ್ನೇ ಮುಚ್ಚಿದರು. ಕಾಕಾ ಕೇಳುವ ಭಜನೆ ಮುಚ್ಚಿತು. ಮಗಳ ಶಾಲೆಯ ಚಿತ್ರ ಮುಚ್ಚಿತು. ಅಂಚಿನ ಬಳ್ಳಿಯ ಹಾಳೆಯೂ ಮುಚ್ಚಿತು. ಕೆಳಗಿನ ಪಟ್ಟಿಯಲ್ಲಿ ಆ ಪ್ರೋಗ್ರಾಂ ಗುರುತು ಮಾತ್ರ ಹೋಗಲಿಲ್ಲ. ಒತ್ತಿದರೆ ಮಿನುಗಿತು, ಪರದೆಯ ಮೇಲೆ ಏನೂ ಬರಲಿಲ್ಲ. ಮತ್ತೆ ಒತ್ತಿದರು. ಮಿನುಗಿತು, ಬರಲಿಲ್ಲ. ಸರ್ ಬಾಯೊಳಗೇ "ಏಕ್, ದೋನ್, ತೀನ್" ಎಂದು ಎಣಿಸತೊಡಗಿದರು. ಕಷ್ಟದ ಲೆಕ್ಕ ಬಂದಾಗಲೆಲ್ಲ ಅವರು ಮರಾಠಿಗೆ ಹೋಗುತ್ತಿದ್ದರು. ತರಗತಿಯಲ್ಲಿ ಆ ಎಣಿಕೆ ಕೇಳಿದರೆ ನಾವು ಉಸಿರು ಬಿಡುತ್ತಿರಲಿಲ್ಲ.

"ಅದ" ಎಂದರು. "ಏನೋ ಕೇಳ್ಲಿಕ್ಕತ್ತದ. ಎಲ್ಲೆ ನಿಂತು ಕೇಳ್ಲಿಕ್ಕತ್ತದ, ಅದು ಕಾಣವಲ್ದು."

"ಎಂಟರ್ ಹೊಡೀರಲ್ಲ" ಎಂದೆ. "ಏನರ ಕೇಳವಲ್ದ್ಯಾಕ, ಹೂಂ ಅಂದಂಗ ಆಕ್ಕೈತಿ."

"ಕಾಣಲಾರದ ಪ್ರಶ್ನಿಗೆ ಉತ್ತರ ಕೊಡಬಾರದು, ತಮ್ಮಾ."

ಹನ್ನೊಂದೂವರೆ ದಾಟಿತು. ಹೊರಗೆ ರಸ್ತೆಯಲ್ಲಿ ಲೈನಿನವರ ಜೀಪು ಹೋದ ಸದ್ದು. "ಬಂದ್ರಪಾ, ಕಂಬ ಹತ್ತತಾರ ಈಗ" ಎಂದ ಕಾಕಾ. ನನಗೆ ಏನಾಯಿತೋ. ಒಮ್ಮೆ ಕಿತ್ತು ಮತ್ತೆ ಹಚ್ಚಿದರೆ ಎಲ್ಲ ಸರಿಹೋಗುತ್ತದೆ ಎಂದು ಎಲ್ಲರ ಮನೆಯಲ್ಲೂ ಮಾಡುವುದನ್ನೇ ಮಾಡಹೊರಟೆ. ಬಗ್ಗಿ ಪ್ಲಗ್ ಹಿಡಿದೆ.

ನನ್ನ ಮಣಿಕಟ್ಟಿನ ಮೇಲೆ ಒಂದು ಕೈ ಬಿತ್ತು. ಅಷ್ಟು ವರ್ಷದಲ್ಲಿ ಸರ್ ಯಾರನ್ನೂ ಹೊಡೆದದ್ದು ನಾನು ಕಂಡಿರಲಿಲ್ಲ. ಆ ಕೈಗೆ ಅಷ್ಟು ಬಲ ಇದೆಯೆಂಬುದೇ ಗೊತ್ತಿರಲಿಲ್ಲ. ಬೆರಳು ಚರ್ಮದಲ್ಲಿ ಇಳಿದವು.

"ಬಿಡು. ಮುದ್ದೇಬಿಹಾಳದಾಗ ಒಮ್ಮೆ ಕಿತ್ತೇನಿ. ಸಾಕು ಅದು."

ಬಿಟ್ಟೆ. ಅವರ ಮುಖ ಬಿಳುಚಿತ್ತು. ಹಾಗೆ ಬಗ್ಗಿದವರು ಬಗ್ಗಿಯೇ ಇದ್ದರು. ಕಂಪ್ಯೂಟರಿನ ಬೆನ್ನ ಹಿಂದೆ ಕಣ್ಣು ಕಿರಿದು ಮಾಡಿ ನೋಡಿ, ಒಂದು ಕರಿ ತಂತಿಯನ್ನು ಎರಡು ಬೆರಳಲ್ಲಿ ಎತ್ತಿದರು.

"ಇದು ಎಲ್ಲಿಗೆ ಹೋಗೇದ?"

"ಟೀವಿಗ್ರಿ. ಆದ್ರ ಟೀವಿ ಬಂದ್ ಐತಿ. ಮೂರ ದಿನಾ ಆತು, ಪ್ಲಗ್ ಕಿತ್ತೇನಿ."

"ಟೀವಿ ಬಂದ್ ಆಗೇದ ಅಂತ ಇದಕ್ಕ ಯಾರು ಹೇಳ್ಯಾರ?" ಎಂದರು. "ತಂತಿ ಹಂಗ ಅದ. ಇದು ಟೀವಿ ಮ್ಯಾಲ ನಿಂತು ಕೇಳ್ಲಿಕ್ಕತ್ತದ. ಟೀವಿ ಹಚ್ಚು!"

ಓಡಿದೆ. ಪ್ಲಗ್ ಹಾಕಿದೆ. ಟೀವಿ ಹತ್ತಿತು, ಬರೇ ಚುಕ್ಕೆ ಚುಕ್ಕೆ. ಕಂಪ್ಯೂಟರಿನ ಕಡೆ ತಿರುಗಿಸಲು ರಿಮೋಟ್ ಬೇಕು. ರಿಮೋಟ್ ಸಿಕ್ಕಿತು, ಒತ್ತಿದರೆ ಸದ್ದಿಲ್ಲ. ಹಿಂದಿನ ಮುಚ್ಚಳ ತೆಗೆದೆ. ಒಳಗೆ ಸೆಲ್ಲೇ ಇಲ್ಲ.

ಮಹಾದೇವಿ ಕಾಕಾನ ಕಡೆ ನೋಡಿದಳು. ಕಾಕಾ ಚಾವಣಿಯ ಕಡೆ ನೋಡಿದ.

"ಕಾಕಾ, ಸೆಲ್ಲು."

"ಟೀವಿ ಬಂದ್ ಇತ್ತಲ್ಲವಾ. ಟಾರ್ಚಿಗೆ ಹಾಕ್ಕೊಂಡೇನಿ. ರಾತ್ರಿ ಹಿತ್ತಲಕ್ಕ ಹೋಗಬೇಕಾದ್ರ..."

"ಕೊಡ್ರಿ!" ಮಹಾದೇವಿ ಕಾಕಾನ ಎದುರು ದನಿ ಎತ್ತಿದ್ದು ಅದೇ ಮೊದಲು, ಅದೇ ಕಡೆ.

ದಿಂಬಿನ ಕೆಳಗಿನಿಂದ ಟಾರ್ಚ್ ಬಂತು. ಒಂದು ಸೆಲ್ಲು ನನ್ನ ಕೈಯಿಂದ ಜಾರಿ ಹೊರಸಿನ ಕೆಳಗೆ ಉರುಳಿತು. ಕಾಕಾನೇ ಮೊಣಕಾಲೂರಿ ತೆಗೆದುಕೊಟ್ಟ. ಹನ್ನೊಂದೂ ಮುಕ್ಕಾಲಾಗಿತ್ತು. ರಿಮೋಟ್ ಒತ್ತಿದೆ, ಒಂದು ಬಂತು, ಅಲ್ಲ, ಎರಡು ಬಂತು, ಅಲ್ಲ, ಮೂರನೆಯದಕ್ಕೆ ಟೀವಿಯ ತುಂಬ ಕರಿ ಮನೆಗಳು ನಿಂತವು. ಆನೆಯ ಕಾಲು. ಅಂಬಾರಿ. ಬಾಲದ ಮೇಲೆ ಹಿಂದಕ್ಕೆ ಮುಖ ಮಾಡಿ ಕೂತ ಗಿಳಿ. ಆನೆಯ ಹೊಟ್ಟೆಯ ಮೇಲೆ ಒಂದು ಬಿಳಿ ಚೌಕ, ಅದರೊಳಗೆ ಮೂರು ದಿನದಿಂದ ಉತ್ತರಕ್ಕೆ ಕಾದ ಒಂದು ಪ್ರಶ್ನೆ.

"ಸರ್, ಐತಿ! ಐತಿ ಸರ್!"

"ಮುಟ್ಟಬ್ಯಾಡ್ರಿ ಏನೂ" ಎಂದು ಒಳಗಿನಿಂದ ದನಿ ಬಂತು. ಕುರ್ಚಿಯಿಂದ ಬಾಗಿಲ ಮೂಲಕ ಟೀವಿ ಕಾಣುತ್ತಿತ್ತು, ಆದರೆ ಪೊರೆ ತೆಗೆಸಿದ ಅವರ ಕಣ್ಣಿಗೆ ಅಷ್ಟು ದೂರದ ಅಕ್ಷರ ನಿಲುಕದು. "ತಂಗಿ, ನೀ ಟೀವಿ ಮುಂದ ನಿಂದರು. ನಾ ಇಲ್ಲಿಂದ ಬಾಣ ಸರಸತೇನಿ. ಎಲ್ಲೆ ಬಂತು ಹೇಳು."

ಮೌಸಿನ ಬಾಣ ಕಂಪ್ಯೂಟರಿನ ಪರದೆಯ ಬಲದಂಚಿಗೆ ಹೋಗಿ ಮಾಯವಾಗಿ, ಪಡಸಾಲೆಯ ಟೀವಿಯ ಎಡದಂಚಿನಲ್ಲಿ ಎದ್ದಿತು. ಆಮೇಲೆ ಮಹಾದೇವಿ ಎಳೆ ಎಣಿಸುವ ದನಿಯಲ್ಲೇ ಹೇಳತೊಡಗಿದಳು. "ಬಲಕ್ಕ ಬರ್ರಿ... ಇನ್ನಾ ಬಲಕ್ಕ... ಕೆಳಗ... ಹಾಂ, ಚೌಕದಾಗ ಬಂತ್ರಿ."

"ಗುಂಡಿ ಎಷ್ಟು ಅವ?"

"ಮೂರ್ರಿ."

"ಅಕ್ಷರ ಓದು. ಎಲ್ಲಾ ಓದು, ಬಿಡಬ್ಯಾಡ."

"ಮೊದಲನೇದು ಎಸ್, ಎ, ವಿ, ಇ. ಎರಡನೇದು ಡಿ, ಓ, ಎನ್... ಆಮ್ಯಾಲ ಮತ್ತ ಎಸ್, ಎ, ವಿ, ಇ. ಮೂರನೇದು ಸಿ, ಎ..."

"ಬಾಣ ಈಗ ಯಾವುದರ ಮ್ಯಾಲ ಅದ?"

"ಎರಡನೇದರ... ಅಲ್ಲ ಅಲ್ಲ ಸರ್, ಅಲ್ಲಿ ಒತ್ತಬ್ಯಾಡ್ರಿ!"

"ಒತ್ತಿಲ್ಲ. ಏಕ್, ದೋನ್... ಈಗ?"

"ಎಡಕ್ಕ... ಇನ್ನೊಂದಿಷ್ಟು... ಬಂತ್ರಿ. ಮೊದಲನೇದರ ಮ್ಯಾಲ ಬಂತು."

"ಮತ್ತೊಮ್ಮಿ ಓದು."

"ಎಸ್. ಎ. ವಿ. ಇ. ಅಷ್ಟ ಐತ್ರಿ."

ಟಿಕ್ ಎಂದಿತು. ಹೆಸರೇನಿಡಲಿ ಎಂದು ಅದು ಕೇಳಿತು. "ಆಯಿ ಅಂತ ಇಡ್ರಿ" ಎಂದಳು ಮಹಾದೇವಿ. ಸರ್ ಒಂದೊಂದೇ ಕೀಲಿ ಹುಡುಕಿ ಒತ್ತಿದರು. ಬಿಳಿ ಚೌಕ ಹೋಯಿತು. ಕಿಸೆಯಿಂದ ತಮ್ಮದೇ ಪೆನ್‌ಡ್ರೈವ್ ತೆಗೆದು ಅದಕ್ಕೊಂದು ಪ್ರತಿ ಹಾಕಿ, ಎರಡನ್ನೂ ತೆರೆದು ತೋರಿಸಿ, ಆಮೇಲೆ ಬಂದಾಗೆಂದು ಒತ್ತಿದರು.

ಪರದೆ ಕಪ್ಪಾಯಿತು. ಮೂರು ದಿನದ ಗುಂಯ್ ನಿಂತಿತು. ತಾನಾಗಿ ಬಂದಾಯಿತೋ, ಕರೆಂಟೇ ಹೋಯಿತೋ ತಿಳಿಯದು. ಸರ್ ತಲೆ ಎತ್ತಿ ಮೇಲೆ ನೋಡಿದರು. ಫ್ಯಾನು ತಿರುಗುತ್ತಿತ್ತು.

"ಎಲ್ಲಾರೂ ಇಳದ್ರು, ಕಾಕಾ" ಎಂದರು.

"ಹಂಗಾದ್ರ ರೈಟ್ ಅನ್ರಿ" ಎಂದ ಕಾಕಾ.

ಮಹಾದೇವಿ ಅಡುಗೆಮನೆಗೆ ಹೋಗಿ ಸರ್ ಅವರಿಗೆ ಮಜ್ಜಿಗೆ ತಂದಳು. ನನಗೂ ಒಂದು ಲೋಟ ತಂದಳು. ಮಾತಾಡಲಿಲ್ಲ, ಆದರೆ ತಂದಳು. ನಾವು ಕುಡಿಯುತ್ತಿರುವಾಗ ಫ್ಯಾನು ನಿಂತಿತು.

ಸರ್ ಅವರನ್ನು ಓಣಿಯ ಕೊನೆಯವರೆಗೆ ಕಳಿಸಲು ಹೋದಾಗ ನನ್ನ ಮಣಿಕಟ್ಟನ್ನು ನೋಡಿ "ನೋವಾತೇನು?" ಎಂದರು. ಇಲ್ಲ ಎಂದೆ. ಆಮೇಲೆ ಬೇವಿನ ಮರದ ಕೆಳಗೆ ನಿಂತು ಮುದ್ದೇಬಿಹಾಳದ ಮಾತು ಹೇಳಿದರು. ಹತ್ತನೆಯ ಪರೀಕ್ಷೆಗೆ ಕೂಡುವವರ ಹೆಸರಿನ ಪಟ್ಟಿಯನ್ನು ಶಾಲೆಯ ಕಂಪ್ಯೂಟರಿನಲ್ಲಿ ಬರೆದಿದ್ದರಂತೆ. ಸಂಜೆ ಅದು ಹೀಗೇ ಬಂದಾಗಲಿಲ್ಲ. ಹೆಂಡತಿ ಮಕ್ಕಳು ಇಂಡಿಯಲ್ಲಿ, ಕಡೆಯ ಬಸ್ಸು ಹೊರಡುವ ಹೊತ್ತು. ಕಿತ್ತು ನಡೆದರು. ಮರುದಿನ ಪಟ್ಟಿ ತೆರೆಯಲಿಲ್ಲ. ಕಳಿಸಲು ಅದೇ ಕಡೆಯ ದಿನ. ಗಡಿಬಿಡಿಯಲ್ಲಿ ಮತ್ತೆ ಬರೆದರು. ತಂಗಡಗಿಯ ಒಬ್ಬ ಹುಡುಗಿಯ ಹೆಸರು ಬಿಟ್ಟುಹೋಯಿತು. ಪರೀಕ್ಷೆಯ ಪ್ರವೇಶ ಚೀಟಿ ಬಂದ ದಿನವೇ ಅದು ಗೊತ್ತಾದದ್ದು.

"ಎಲ್ಲಾರದೂ ಬಂತು ಸರ್, ನಂದು ಉಳದೈತ್ರಿ ಅಂದ್ಲು" ಎಂದರು. "ಬೋರ್ಡಿನ ಮುಂದ ನಾ ಕೇಳಿದಾಗ ಅಂದಂಗ."

ಆ ಒಂದು ವರ್ಷ ಪ್ರತಿ ರವಿವಾರ ಬಸ್ಸು ಹಿಡಿದು ತಂಗಡಗಿಗೆ ಹೋಗಿ, ಅವರ ಮನೆಯ ಕಟ್ಟೆಯ ಮೇಲೆ ಕೂತು ಆಕೆಗೆ ಗಣಿತ ಹೇಳಿಕೊಟ್ಟರಂತೆ. ಆಕೆಯ ತಂದೆ ಮೊದಲ ಎರಡು ರವಿವಾರ ಮಾತೇ ಆಡಲಿಲ್ಲ. ಮೂರನೆಯ ರವಿವಾರ ಕಂಬಳಿ ಹಾಸಿದ. ಮುಂದಿನ ವರ್ಷ ಆಕೆ ಪಾಸಾದಳು. "ಪಾಸಾದ್ಲು ಖರೆ" ಎಂದರು ಸರ್, "ಆದ್ರ ಹೋದ ಆ ವರ್ಷ ನನಗ ತಿರುಗಿ ಕೊಡ್ಲಿಕ್ಕೆ ಆಗಲಿಲ್ಲ ನೋಡು." ಅಷ್ಟು ಹೇಳಿ, ಕಿಸೆ ಮುಟ್ಟಿ ನೋಡಿಕೊಂಡು, "ಸುಣ್ಣದ ತುಂಡು ನಿಮ್ಮ ಮನ್ಯಾಗ ಉಳೀತು, ಇರಲಿ" ಎಂದು ನಡೆದುಬಿಟ್ಟರು.

ಕಪಾಟಿನ ಬಾಗಿಲ ಮೇಲೆ ಅವರು ಬರೆದದ್ದನ್ನು ಮಹಾದೇವಿ ಇನ್ನೂ ಒರೆಸಿಲ್ಲ.

ಹೋದ ದೀಪಾವಳಿಯ ನಂತರ ಸರ್ ತೀರಿಕೊಂಡರು. ಹದಿಮೂರನೆಯ ದಿನದ ವೈಕುಂಠ ಸಮಾರಾಧನೆಗೆ ನಾವಿಬ್ಬರೂ ಹೋದೆವು. ಬೇರೆ ಜಾತಿಯವರಿಗೆ ಬೇರೆ ಪಂಕ್ತಿ ಮಾಡಬಾರದೆಂದು ಸರ್ ಮೊದಲೇ ಮಗಳಿಗೆ ಹೇಳಿ ಇಟ್ಟಿದ್ದರಂತೆ. ಎಲ್ಲರನ್ನೂ ಒಂದೇ ಅಂಗಳದಲ್ಲಿ ಕೂಡಿಸಿದರು. ಅರ್ಧ ಊಟವಾದ ಮೇಲೆ ಒಬ್ಬ ಹೆಣ್ಣುಮಗಳು ಕೈಯಲ್ಲಿ ಚಿಕ್ಕ ಮಗುವನ್ನು ಹಿಡಿದು ಬಾಗಿಲಲ್ಲಿ ನಿಂತಳು. "ತಂಗಡಗಿಯಿಂದ ಬಂದೇನ್ರಿ, ಬಸ್ ತಡಾ ಆತು" ಎಂದಳು. ಸರ್ ಅವರ ಮಗಳು ಬೇರೇನೂ ಕೇಳದೆ ಆಕೆಯ ಕೈ ಹಿಡಿದು ತಂದು ಸಾಲಿನ ಕೊನೆಗೆ ಎಲೆ ಹಾಕಿಸಿದಳು.

ಎಲ್ಲರದೂ ಮುಗಿಯಿತು. ಆಕೆ ಮಗುವಿಗೆ ಉಣ್ಣಿಸುತ್ತ ತಾನು ಉಣ್ಣುತ್ತಿದ್ದಳು. ಅಂಗಳದ ತುಂಬ ಜನ ಎಂಜಲ ಕೈ ಒಣಗಿಸಿಕೊಂಡು ಕೂತಿದ್ದರು. ಆಕೆ ತಲೆ ಎತ್ತಿ ನೋಡಿ, ಗಾಬರಿಯಾಗಿ, ಅನ್ನ ಬಿಟ್ಟು ಮಗುವನ್ನು ಎತ್ತಿಕೊಂಡಳು. ಸರ್ ಅವರ ಅಣ್ಣ, ತೊಂಬತ್ತರ ಸಮೀಪದವರು, ಸಾಲಿನ ಆ ತುದಿಯಿಂದ ಹೇಳಿದರು: "ಸಾವಕಾಶ ಉಣ್ಣವಾ ತಂಗಿ. ನಾವು ಕೂತೇವಿ."

ಆಕೆ ಮಗುವನ್ನು ಮತ್ತೆ ಕೂಡಿಸಿ, ಎಲೆಯ ಮೇಲಿನ ಮಜ್ಜಿಗೆ ಅನ್ನ ಕಲಸಿ, ಕಡೆಯ ತುತ್ತಿನವರೆಗೂ ಉಂಡಳು. ಆಮೇಲೆ ಪಂಕ್ತಿ ಎದ್ದಿತು.